ಗದ್ದೆಯ ಆಟಕ್ಕೆ ತಾರೀಕಿದೆ, ದೇಶದ ಲೀಗಿಗಿಲ್ಲ

ಮಳೆಗಾಲದ ಭತ್ತದ ಬೆಳೆ ಏಣೆಲಿನ ಕೊಯ್ಲು ಮುಗಿದು ಗದ್ದೆಯ ಪಸೆ ಆರಿತೆಂದರೆ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ಬಯಲುಗಳಲ್ಲಿ ತಂಡಕ್ಕೆ ಏಳು ಮಂದಿಯಂತೆ ಆಡುವ ಸೆವೆನ್ಸ್ ಫುಟ್‌ಬಾಲಿನ ತಯಾರಿ ಆರಂಭವಾಗುತ್ತದೆ. ಕೂಳೆ ಸವರಿ ನೆಲ ಸಮ ಮಾಡುತ್ತಾರೆ, ಅಡಿಕೆ ಮರದ ಕಂಬ ನೆಟ್ಟು ಗ್ಯಾಲರಿ ಕಟ್ಟುತ್ತಾರೆ. ಹುಡುಗರು ರಶೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಹತ್ತಿಳಿಯುತ್ತಾರೆ. ದುಬೈ, ದೋಹಾಗಳಲ್ಲಿ ದುಡಿಯುವ ಊರಿನವರು ಫ್ಲಡ್‌ಲೈಟಿನ ಬಾಡಿಗೆಯನ್ನೋ ಟ್ರೋಫಿಯ ಖರ್ಚನ್ನೋ ಹೊರುತ್ತಾರೆ. ಕನ್ನಡದಲ್ಲೂ ಮಲಯಾಳದಲ್ಲೂ ನೋಟೀಸು ಅಚ್ಚಾಗುತ್ತದೆ, ಅದರಲ್ಲಿ ತಾರೀಕು ಇರುತ್ತದೆ. ಅಕಾಲದ ಮಳೆ ಬಂದರೆ ಒಂದೆರಡು ದಿನ ಹಿಂದುಮುಂದಾಗಬಹುದು. ಕೊರೊನಾದ ಕಾಲವೊಂದನ್ನು ಬಿಟ್ಟರೆ ನೋಟೀಸು ಹಂಚಿದ ಮೇಲೆ ಆಟ ನಡೆಯದೆ ಹೋದದ್ದನ್ನು ನಾನು ಕಂಡಿಲ್ಲ.

2025ರಲ್ಲಿ ಈ ದೇಶದ ಅತಿ ದೊಡ್ಡ ಫುಟ್‌ಬಾಲ್ ಲೀಗಿಗೆ ಒಂದು ತಾರೀಕು ಹೇಳುವುದು ಸಾಧ್ಯವಾಗಲಿಲ್ಲ. ಇಂಡಿಯನ್ ಸೂಪರ್ ಲೀಗ್ ನಡೆಯುತ್ತದೆಯೇ, ನಡೆದರೆ ಯಾವಾಗ, ನಡೆಸುವವರು ಯಾರು ಎಂಬುದು ತಿಂಗಳುಗಟ್ಟಲೆ ಆಟಗಾರರಿಗೇ ಗೊತ್ತಿರಲಿಲ್ಲ. ಅದೇ ತಿಂಗಳುಗಳಲ್ಲಿ ರಾಷ್ಟ್ರೀಯ ತಂಡ ಏಷ್ಯಾ ಕಪ್ಪಿನ ಬಾಗಿಲಿನಿಂದ ಹೊರಬಿತ್ತು. ಈ ಎರಡು ಸಂಗತಿಗಳನ್ನು ನಾವು ಬೇರೆ ಬೇರೆಯಾಗಿ ಇಟ್ಟುಕೊಂಡು ಕೋಪ ಮಾಡಿಕೊಳ್ಳುತ್ತಿದ್ದೇವೆ. ತಂಡ ಸೋತ ರಾತ್ರಿ ಕೋಚನ್ನು ಬೈಯುತ್ತೇವೆ, ಲೀಗು ನಿಂತ ಸುದ್ದಿ ಬಂದ ದಿನ ಫೆಡರೇಷನ್ನನ್ನು ಬೈಯುತ್ತೇವೆ. ಎರಡೂ ಒಂದೇ ರೋಗ ಎಂಬುದು ನನ್ನ ಅಭಿಪ್ರಾಯ.

2025ರ ಅಕ್ಟೋಬರ್ 14ರಂದು ನಮ್ಮ ಕ್ಲಬ್ಬಿನ ನಾಲ್ವರು ಹುಡುಗರು ರೈಲು ಹತ್ತಿ ಮಡಗಾಂವಿಗೆ ಹೋಗಿದ್ದರು. ಫಟೋರ್ಡಾ ಮೈದಾನದಲ್ಲಿ ಸಿಂಗಪುರದ ಎದುರು ಪಂದ್ಯ. ಐದು ದಿನ ಮೊದಲು ಸಿಂಗಪುರದಲ್ಲಿ ಕೊನೆಗಳಿಗೆಯಲ್ಲಿ ರಹೀಂ ಅಲಿ ಹೊಡೆದ ಗೋಲಿನಿಂದ 1–1 ಆಗಿತ್ತು. ಮನೆಯಂಗಳದಲ್ಲಿ ಗೆದ್ದರೆ ಆಸೆ ಉಳಿಯುತ್ತಿತ್ತು. ಮೊದಲ ಗೋಲು ನಮ್ಮದೇ, ಛಾಂಗ್ಟೆಯದು. ವಿರಾಮಕ್ಕೆ ಸ್ವಲ್ಪ ಮುಂಚೆ ಸಿಂಗಪುರ ಸಮ ಮಾಡಿತು, ವಿರಾಮದ ನಂತರ ಇನ್ನೊಂದು ಹೊಡೆಯಿತು. 1–2. 2027ರ ಏಷ್ಯಾ ಕಪ್ಪಿನ ದಾರಿ ಅಲ್ಲಿಗೆ ಮುಚ್ಚಿತು. ಮರುದಿನ ಸಂಜೆ ಆ ಹುಡುಗರಲ್ಲೊಬ್ಬ ಜಗಲಿಯಲ್ಲಿ ಕುಳಿತು ಹೇಳಿದ: "ಮಾಷ್ಟ್ರೇ, ಸೋತದ್ದಕ್ಕೆ ಇಷ್ಟು ಬೇಸರವಿಲ್ಲ. ಕೊನೆಯ ಅರ್ಧ ಗಂಟೆ ಅಲ್ಲಿ ಕೂತಿದ್ದೆವಲ್ಲ, ನಮ್ಮವರು ಗೋಲು ಹೊಡೆಯಬಹುದು ಎಂದು ಒಮ್ಮೆಯೂ ಅನ್ನಿಸಲಿಲ್ಲ."

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸಿದವನಾಗಿ ನಾನು ಸೋಲನ್ನು ಬೇಕಾದಷ್ಟು ನೋಡಿದ್ದೇನೆ. ಸೋತ ತಂಡದ ಬೆಂಬಲಿಗ ಕೊನೆಯ ಸೀಟಿಯವರೆಗೂ ಒಂದು ಗೋಲಿಗಾಗಿ ಕಾಯುತ್ತಾನೆ, ಕಾಯುವುದೇ ಅವನ ಆಟ. ಇಲ್ಲಿ ಆ ಕಾಯುವಿಕೆಯೇ ನಿಂತುಹೋಗಿದೆ.

ಅಂಕಿಗಳೂ ಅದನ್ನೇ ಹೇಳುತ್ತವೆ. ಏಷ್ಯಾ ಕಪ್ ಅರ್ಹತಾ ಸುತ್ತಿನ ಮೊದಲ ಐದು ಪಂದ್ಯಗಳಲ್ಲಿ ಭಾರತ ಹೊಡೆದದ್ದು ಎರಡೇ ಗೋಲು, ಗಳಿಸಿದ್ದು ಎರಡೇ ಅಂಕ. ಬಾಂಗ್ಲಾದೇಶದ ಎದುರು ಶಿಲ್ಲಾಂಗಿನಲ್ಲಿ 0–0. ಹಾಂಕಾಂಗಿನಲ್ಲಿ ಪಂದ್ಯದ ಕೊನೆಯ ನಿಮಿಷಗಳಲ್ಲಿ ಬಿಟ್ಟುಕೊಟ್ಟ ಪೆನಾಲ್ಟಿಯಿಂದ 0–1. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶಕ್ಕೆ ಮತ್ತೆ 0–1. ಆ ನೆರೆಯವರ ಕೈಯಲ್ಲಿ ಭಾರತ ಸೋತು 22 ವರ್ಷಗಳಾಗಿದ್ದವು. ಅದಕ್ಕೂ ಹಿಂದೆ ಹೋದರೆ 2024ರ ಇಡೀ ವರ್ಷ ತಂಡ ಒಂದೇ ಒಂದು ಪಂದ್ಯ ಗೆದ್ದಿರಲಿಲ್ಲ. ಆ ವರ್ಷದ ಜನವರಿಯಲ್ಲಿ ಕತಾರಿನಲ್ಲಿ ನಡೆದ ಏಷ್ಯಾ ಕಪ್ಪಿನ ಮೂರು ಪಂದ್ಯಗಳಲ್ಲಿ ಒಂದು ಗೋಲೂ ಬಂದಿರಲಿಲ್ಲ. 2023ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವದಲ್ಲಿ ದಕ್ಷಿಣ ಏಷ್ಯಾದ ದೇಶಗಳ ಸ್ಯಾಫ್ ಕಪ್ ಗೆದ್ದು ವಿಶ್ವ ರ‍್ಯಾಂಕಿಂಗಿನಲ್ಲಿ 99ಕ್ಕೆ ಏರಿದ್ದ ತಂಡ 2025ರ ನವೆಂಬರಿನ ಪಟ್ಟಿಯಲ್ಲಿ 142ಕ್ಕೆ ಬಂದು ನಿಂತಿತು.

ನೂರನಲವತ್ತು ಕೋಟಿ ಜನರಲ್ಲಿ ಹನ್ನೊಂದು ಮಂದಿ ಸಿಗುವುದಿಲ್ಲವೇ ಎಂಬ ಪ್ರಶ್ನೆ ಇಲ್ಲಿನ ಪ್ರತಿ ಚಹಾದ ಅಂಗಡಿಯಲ್ಲೂ ಕೇಳಿಬರುತ್ತದೆ. ನನಗೆ ಆ ಪ್ರಶ್ನೆಯಲ್ಲಿ ಆಸಕ್ತಿ ಇಲ್ಲ, ಏಕೆಂದರೆ ಉತ್ತರ ಕಣ್ಣೆದುರಿಗೇ ಇದೆ. ನಾವು ಢಾಕಾದಲ್ಲಿ ಸೋತ ಅದೇ ನವೆಂಬರ್ 18ರಂದು ಕ್ಯುರಸಾವೊ ಎಂಬ ಕೆರಿಬಿಯನ್ ದ್ವೀಪ 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಅಲ್ಲಿನ ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. 2011ರ ಜನಗಣತಿಯಂತೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿಯೇ ಹದಿಮೂರು ಲಕ್ಷ ಜನರಿದ್ದೇವೆ. ಕ್ಯುರಸಾವೊದ ಆಟಗಾರರಲ್ಲಿ ಹೆಚ್ಚಿನವರು ನೆದರ್ಲೆಂಡ್ಸಿನಲ್ಲಿ ಹುಟ್ಟಿ ಬೆಳೆದವರು ಎಂಬುದನ್ನು ಮರೆಯಬಾರದು. ಆದರೆ ಅದರಿಂದ ತಿಳಿಯುವುದೂ ಇಷ್ಟೇ: ಹತ್ತನೆಯ ವಯಸ್ಸಿನಿಂದ ವಾರವಾರವೂ ಪಂದ್ಯ ಆಡಿ ಬೆಳೆದ ಇಪ್ಪತ್ತು ಮೂವತ್ತು ಹುಡುಗರು ಸಿಕ್ಕರೆ ಸಾಕು, ತಲೆಗಳ ಲೆಕ್ಕ ಬೇಕಾಗುವುದಿಲ್ಲ. ನಮ್ಮದೇ ಖಂಡದ ಉಜ್ಬೇಕಿಸ್ತಾನ, ಜೋರ್ಡಾನ್‌ಗಳು ಅದೇ 2026ರ ವಿಶ್ವಕಪ್ಪಿಗೆ ಮೊದಲ ಸಲ ಅರ್ಹತೆ ಪಡೆದವು. ಅವು ಯುರೋಪಿನ ಮಕ್ಕಳನ್ನು ನೆಚ್ಚಿಕೊಂಡ ದೇಶಗಳೂ ಅಲ್ಲ.

ಹಳೆಯ ವೈಭವದ ಕಥೆಯನ್ನು ನಾನು ಉದ್ದ ಬೆಳೆಸುವುದಿಲ್ಲ. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸಿನ ನಾಲ್ಕನೆಯ ಸ್ಥಾನ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಎಂಬ ಗುರು. ಇವೆಲ್ಲ ನಿಜ, ಹೆಮ್ಮೆಯವೇ. ಆಗ ಏಷ್ಯಾದ ಬಹುಪಾಲು ದೇಶಗಳು ಈ ಆಟವನ್ನು ಗಂಭೀರವಾಗಿ ಹಿಡಿದಿರಲಿಲ್ಲ. ನಾವು ನಿಂತಲ್ಲೇ ನಿಂತೆವು, ಅವರು ನಡೆದರು.

ನಿಜವಾಗಿ ನಿಧಾನಿಸಿ ನೋಡಬೇಕಾದದ್ದು ಗೋಲು ಹೊಡೆಯುವವನ ಜಾಗವನ್ನು. ಸುನಿಲ್ ಛೆಟ್ರಿ 2005ರಿಂದ ಭಾರತದ ಪರ ಆಡಿದರು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಕಣ್ಣೀರಿನಲ್ಲಿ ವಿದಾಯ ಹೇಳಿದರು. ಆ ಪಂದ್ಯವೂ 0–0. ಒಂಬತ್ತು ತಿಂಗಳಲ್ಲಿ ಅವರನ್ನು ಮತ್ತೆ ಕರೆಯಬೇಕಾಯಿತು. 2025ರ ಮಾರ್ಚ್ 19ರಂದು ಮಾಲ್ಡೀವ್ಸ್ ವಿರುದ್ಧ ತಂಡ ಹದಿನಾರು ತಿಂಗಳ ನಂತರ ಮೊದಲ ಗೆಲುವು ಕಂಡಿತು, ಅದರಲ್ಲಿ ಒಂದು ಗೋಲು ನಲವತ್ತು ವರ್ಷದ ಛೆಟ್ರಿಯದೇ. ಗೆಲುವಿನ ಸಂತೋಷದ ನಡುವೆಯೂ ನನಗೆ ಎದೆ ಭಾರವಾಗಿತ್ತು. ನಿವೃತ್ತಿಯಾದ ಅಜ್ಜನನ್ನು ಮತ್ತೆ ಗದ್ದೆಗೆ ಇಳಿಸುವ ಮನೆಯಲ್ಲಿ ಮಕ್ಕಳಿಗೆ ನೇಗಿಲು ಹಿಡಿಯಲು ಯಾರೂ ಕಲಿಸಿಲ್ಲ ಎಂದೇ ಅರ್ಥ.

ಏಕೆ ಕಲಿಸಲಿಲ್ಲ? ಸೂಪರ್ ಲೀಗ್ 2014ರಲ್ಲಿ ಆರಂಭವಾಯಿತು. 2024–25ರವರೆಗಿನ ಯಾವ ಋತುವಿನಲ್ಲೂ ಅತಿ ಹೆಚ್ಚು ಗೋಲಿನ ಪ್ರಶಸ್ತಿ ಭಾರತೀಯನಿಗೆ ಬಂದಿಲ್ಲ. 2024–25ರಲ್ಲಿ ಮೊರೊಕ್ಕೊದ ಅಜಾರಾಯಿ 23 ಗೋಲು ಹೊಡೆದರು. ಭಾರತೀಯರಲ್ಲಿ ಮೊದಲಿಗರು ಮತ್ತದೇ ಛೆಟ್ರಿ, 14 ಗೋಲು. ಒಂದು ತಂಡ ಮೈದಾನದಲ್ಲಿ ಒಮ್ಮೆಗೆ ನಾಲ್ವರು ವಿದೇಶಿಯರನ್ನು ಆಡಿಸಬಹುದು. ಆ ನಾಲ್ಕು ಜಾಗಗಳನ್ನು ಕ್ಲಬ್ಬುಗಳು ಎಲ್ಲಿ ಬಳಸುತ್ತವೆ? ತಂಡದ ಬೆನ್ನೆಲುಬಿನಲ್ಲಿ, ಮುಖ್ಯವಾಗಿ ಗೋಲಿನ ಮುಂದೆ. ಭಾರತೀಯ ಹುಡುಗ ಬದಿಯಲ್ಲಿ ಓಡುತ್ತಾನೆ, ಚೆಂಡನ್ನು ಒಳಗೆ ಕಳುಹಿಸುತ್ತಾನೆ. ಗೋಲು ಹೊಡೆಯುವ ಕೆಲಸ ಬೇರೆಯವನದು. ಇಡೀ ವರ್ಷ ಹೀಗೆ ಆಡಿದ ಹನ್ನೊಂದು ಮಂದಿಗೆ ನೀಲಿ ಅಂಗಿ ತೊಡಿಸಿ ಗೋಲು ಹೊಡೆಯಿರಿ ಎಂದರೆ ಅವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಇದನ್ನು ಬರೆಯುವಾಗ ನಮ್ಮ ಗದ್ದೆಯನ್ನೂ ನೆನೆಯಲೇಬೇಕು. ಸೆವೆನ್ಸ್ ಪಂದ್ಯಾವಳಿಗೆ ಬರುವ ಒಳ್ಳೆಯ ತಂಡಗಳಲ್ಲಿ ಆಫ್ರಿಕಾದ ಆಟಗಾರರಿರುತ್ತಾರೆ. ಎತ್ತರದ ಆಳು, ಬಿರುಸಿನ ಹೊಡೆತ, ಗ್ಯಾಲರಿಗೆ ಖುಷಿ. ಅವರು ದೂರದ ಊರಿನಿಂದ ಹೊಟ್ಟೆಪಾಡಿಗಾಗಿ ಬಂದು ಪ್ರಾಮಾಣಿಕವಾಗಿ ಆಡುವವರು, ಅವರ ಮೇಲೆ ನನಗೆ ಗೌರವವೇ ಇದೆ. ಆದರೆ ಅವರನ್ನು ನಿಲ್ಲಿಸುವುದು ಎಲ್ಲಿ? ಗೋಲಿನ ಎದುರು. ನಮ್ಮ ಊರಿನ ಹುಡುಗ ಹಿಂದೆ ನಿಂತು ತಡೆಯುತ್ತಾನೆ. ಟಿಕೆಟ್ ಮಾರಾಟವಾಗಬೇಕು, ತಂಡ ಫೈನಲಿಗೆ ಬರಬೇಕು ಎಂದು ನಮ್ಮ ಸಮಿತಿ ಹಾಕುವ ಲೆಕ್ಕವನ್ನೇ ಕೋಟಿಗಟ್ಟಲೆ ಹಣ ಹೂಡುವ ಕ್ಲಬ್ಬೂ ಹಾಕುತ್ತದೆ. ಈ ಲೆಕ್ಕದಲ್ಲಿ ನನ್ನ ಸಹಿಯೂ ಇದೆ. ಆದ್ದರಿಂದ ಕ್ಲಬ್ಬುಗಳನ್ನು ದೂರುವಾಗ ನನ್ನ ದನಿ ತಗ್ಗುತ್ತದೆ.

ಸೆವೆನ್ಸ್ ಮಾಡಿದ ಒಳಿತನ್ನು ಕೆಲವರು ಒಪ್ಪುವುದಿಲ್ಲ. ಇದು ಅಧಿಕೃತ ಆಟವಲ್ಲ, ಹುಡುಗರ ಮೊಣಕಾಲು ಮುರಿಯುತ್ತದೆ, ಚಿಕ್ಕ ಮೈದಾನದ ಚಟ ಹಿಡಿದವನು ದೊಡ್ಡ ಮೈದಾನದಲ್ಲಿ ದಿಕ್ಕು ತಪ್ಪುತ್ತಾನೆ ಎನ್ನುತ್ತಾರೆ. ಮಾತಿನಲ್ಲಿ ಸತ್ಯಾಂಶವಿದೆ. ಆದರೂ ಉತ್ತರ ಕೇರಳದಲ್ಲಿ ಚೆಂಡಿನ ಹುಚ್ಚನ್ನು ಉಳಿಸಿದ್ದು ಈ ಗದ್ದೆಗಳೇ. ನಮ್ಮ ಜಿಲ್ಲೆಯ ದಕ್ಷಿಣ ತುದಿಯ ತೃಕ್ಕರಿಪುರದಿಂದ ಎಂ. ಸುರೇಶ್, ಮೊಹಮ್ಮದ್ ರಫಿಯಂಥವರು ಭಾರತದ ಪರ ಆಡಿದರು. 2016ರ ಸೂಪರ್ ಲೀಗ್ ಫೈನಲಿನಲ್ಲಿ ಕೊಚ್ಚಿಯ ತುಂಬಿದ ಮೈದಾನದ ಎದುರು ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದದ್ದು ರಫಿ. ಪಂದ್ಯ ಪೆನಾಲ್ಟಿಯಲ್ಲಿ ಕೈತಪ್ಪಿದರೂ ಆ ಗೋಲನ್ನು ಇಲ್ಲಿ ಇಂದಿಗೂ ನೆನೆಯುತ್ತಾರೆ. ಗದ್ದೆಯಲ್ಲಿ ಕಲಿತ ಕಾಲು ದೊಡ್ಡ ಮೈದಾನಕ್ಕೆ ಹೋಗುವುದಿಲ್ಲ ಎನ್ನುವವರು ಒಮ್ಮೆ ತೃಕ್ಕರಿಪುರಕ್ಕೆ ಹೋಗಿ ಬರಬೇಕು.

ಗದ್ದೆಯಿಂದ ಹೊರಡುವ ಹುಡುಗನಿಗೆ ಮುಂದಿನ ಮೆಟ್ಟಿಲು ಯಾವುದು ಎಂಬುದೇ ತೊಡಕು. ಅದರಲ್ಲೂ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ, ತುಳು, ಬ್ಯಾರಿ ಮನೆಗಳ ಹುಡುಗನಿಗೆ. ಅವನ ಹತ್ತಿರದ ದೊಡ್ಡ ಪೇಟೆ ಮಂಗಳೂರು, ಗಡಿಯ ಆಚೆ. ಅವನ ಹೆಸರು ಇರಬೇಕಾದದ್ದು ಕೇರಳದ ಜಿಲ್ಲಾ ಪಟ್ಟಿಯಲ್ಲಿ, ಆಯ್ಕೆ ನಡೆಯುವುದು ದಕ್ಷಿಣಕ್ಕೆ ನೂರಾರು ಕಿಲೋಮೀಟರ್ ದೂರದಲ್ಲಿ. 2024ರಲ್ಲಿ ಸೂಪರ್ ಲೀಗ್ ಕೇರಳ ಎಂಬ ರಾಜ್ಯ ಮಟ್ಟದ ಲೀಗು ಬಂತು, ಒಳ್ಳೆಯ ಬೆಳವಣಿಗೆಯೇ. ಆರು ತಂಡಗಳಲ್ಲಿ ನಮಗೆ ಹತ್ತಿರದ್ದು ಕಣ್ಣೂರು, ಕಾಸರಗೋಡಿನ ಹೆಸರಿನ ತಂಡವಿಲ್ಲ. 2018, 2022ರಲ್ಲಿ ಕೇರಳ ರಾಜ್ಯ ತಂಡಗಳ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗಲೂ ನಾವು ಪಟಾಕಿ ಹಚ್ಚಿದೆವು. 2023ರಲ್ಲಿ ರಿಯಾದಿನಲ್ಲಿ ಕರ್ನಾಟಕ 54 ವರ್ಷಗಳ ನಂತರ ಅದೇ ಟ್ರೋಫಿ ಎತ್ತಿದಾಗಲೂ ಹಚ್ಚಿದೆವು. ಗಡಿಯವರಿಗೆ ಹಬ್ಬ ಎರಡು, ಆದರೆ ನಮ್ಮ ಹುಡುಗನನ್ನು ನಮ್ಮವನೆಂದು ಕರೆದೊಯ್ಯುವವರು ಮಾತ್ರ ಸುಲಭವಾಗಿ ಸಿಗುವುದಿಲ್ಲ.

ಇನ್ನು ಲೀಗಿನ ಕಥೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಖಾಸಗಿ ಪಾಲುದಾರರೊಂದಿಗೆ ಹದಿನೈದು ವರ್ಷಗಳ, 700 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತ್ತು. ಅದು ಮುಗಿಯುವುದು 2025ರ ಡಿಸೆಂಬರಿನಲ್ಲಿ ಎಂಬುದು ಸಹಿ ಹಾಕಿದ ದಿನವೇ ಎಲ್ಲರಿಗೂ ಗೊತ್ತಿತ್ತು. ಹದಿನೈದು ವರ್ಷ ಮುಂಚಿತವಾಗಿ ಗೊತ್ತಿದ್ದ ತಾರೀಕು ಹತ್ತಿರ ಬಂದಾಗ ಮುಂದೇನು ಎಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಫೆಡರೇಷನ್ನಿನ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿತ್ತು, ಹೊಸ ಒಪ್ಪಂದದ ಮಾತುಕತೆ ಅಲ್ಲಿ ಸಿಕ್ಕಿಕೊಂಡಿತು. ಜುಲೈಯಲ್ಲಿ ಲೀಗು ನಡೆಸುವ ಸಂಸ್ಥೆ ಋತುವನ್ನೇ ತಡೆಹಿಡಿಯಿತು. ಕೆಲವು ಕ್ಲಬ್ಬುಗಳು ಆಟಗಾರರ ಸಂಬಳ ನಿಲ್ಲಿಸಿದವು. ಟೆಂಡರ್ ಕರೆದಾಗ ನವೆಂಬರಿನಲ್ಲಿ ಒಂದೇ ಒಂದು ಬಿಡ್ ಕೂಡ ಬರಲಿಲ್ಲ. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಫೆಬ್ರುವರಿ 14ರ ತಾರೀಕು ಘೋಷಿಸಿದರು: ಹದಿನಾಲ್ಕು ತಂಡಗಳು, ಪ್ರತಿ ತಂಡಕ್ಕೆ ಹದಿಮೂರು ಪಂದ್ಯ. ಹಿಂದಿನ ಋತುವಿನ ಲೀಗ್ ಹಂತದಲ್ಲಿ ಪ್ರತಿ ತಂಡ ಇಪ್ಪತ್ತನಾಲ್ಕು ಪಂದ್ಯ ಆಡಿತ್ತು. ಹೆಚ್ಚುಕಡಿಮೆ ಅರ್ಧ.

ಈಗ ಫಟೋರ್ಡಾಕ್ಕೆ ಹಿಂತಿರುಗಿ ನೋಡಬೇಕು. ಅಕ್ಟೋಬರಿನಲ್ಲಿ ಅಲ್ಲಿ ಓಡಿದ ನಮ್ಮ ಆಟಗಾರರಿಗೆ ಆ ಋತುವಿನ ಒಂದು ಸೂಪರ್ ಲೀಗ್ ಪಂದ್ಯವೂ ಸಿಕ್ಕಿರಲಿಲ್ಲ. ಶಿಬಿರದ ಓಟ ಬೇರೆ, ಗೆಲ್ಲಲೇಬೇಕಾದ ಪಂದ್ಯದ ಎಪ್ಪತ್ತನೆಯ ನಿಮಿಷದ ಓಟ ಬೇರೆ. ಕೋಚ್ ಖಾಲಿದ್ ಜಮೀಲ್ ಹುದ್ದೆ ವಹಿಸಿಕೊಂಡದ್ದು ಆಗಸ್ಟಿನಲ್ಲಿ. 2017ರಲ್ಲಿ ಸಣ್ಣ ಐಜ್ವಾಲ್ ತಂಡವನ್ನು ದೇಶದ ಇನ್ನೊಂದು ಲೀಗಾದ ಐ-ಲೀಗಿನ ಚಾಂಪಿಯನ್ ಮಾಡಿದವರು ಅವರು, ಇರುವುದರಲ್ಲಿ ಹೊಂದಿಸಿಕೊಂಡು ಗೆಲ್ಲುವುದು ಅವರಿಗೆ ಗೊತ್ತು. ಬಂದ ಹೊಸತರಲ್ಲಿ ತಜಿಕಿಸ್ತಾನವನ್ನು ಅದರದೇ ನೆಲದಲ್ಲಿ ಸೋಲಿಸಿದರು, ಒಮಾನನ್ನು ಪೆನಾಲ್ಟಿಯಲ್ಲಿ ಹಿಂದಿಕ್ಕಿ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್ ಟೂರ್ನಿಯಲ್ಲಿ ಮೂರನೆಯ ಸ್ಥಾನ ತಂದರು. ಅವರಿಗಿಂತ ಮೊದಲು ಬಂದ ಮಾನೊಲೊ ಮಾರ್ಕೆಸ್ ಒಂದು ವರ್ಷದಲ್ಲಿ ಹೊರನಡೆದಿದ್ದರು, ಅವರಿಗಿಂತ ಮೊದಲಿನ ಇಗೋರ್ ಸ್ಟಿಮಾಚರನ್ನು 2024ರ ಜೂನಿನಲ್ಲಿ ತೆಗೆದುಹಾಕಲಾಗಿತ್ತು. ಮೂವರನ್ನೂ ನಾವು ಸರತಿಯಲ್ಲಿ ಬೈದಿದ್ದೇವೆ. ಸ್ಟಿಮಾಚರ ಕಾಲದಲ್ಲಿ, 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಿಗೆ ಕ್ಲಬ್ಬುಗಳು ಆಟಗಾರರನ್ನು ಬಿಡಲು ಹಿಂದೆಮುಂದೆ ನೋಡಿ, ತಂಡ ಪಂದ್ಯದ ಹಿಂದಿನ ದಿನವಷ್ಟೇ ಅಲ್ಲಿಗೆ ಮುಟ್ಟಿತ್ತು. ಚೀನಾದ ಎದುರು 1–5. ತೃಶೂರಿನ ಕೆ.ಪಿ. ರಾಹುಲ್ ಹೊಡೆದ ಆ ಒಂದು ಗೋಲು ಎಷ್ಟು ಚೆನ್ನಾಗಿತ್ತೆಂದರೆ, ಎರಡು ದಿನ ಮುಂಚೆ ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಈಗಲೂ ಯೋಚಿಸುತ್ತೇನೆ.

ನಮ್ಮ ಊರಿನ ಅಭಿಮಾನಕ್ಕೆ ಇನ್ನೊಂದು ಮಡಿಕೆಯಿದೆ. ಒಂದೇ ಮನೆಯಲ್ಲಿ ಅಣ್ಣ ಬೆಂಗಳೂರು ಎಫ್‌ಸಿ, ತಮ್ಮ ಕೇರಳ ಬ್ಲಾಸ್ಟರ್ಸ್. 2023ರ ಮಾರ್ಚ್ 3ರಂದು ಕಂಠೀರವದಲ್ಲಿ, ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಸಾಲು ಕಟ್ಟುವ ಮೊದಲೇ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದಾಗ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆಯಿತು. ಅಂದು ರಾತ್ರಿ ಹಲವು ಮನೆಗಳಲ್ಲಿ ಊಟದ ಹೊತ್ತಿನ ಮಾತು ನಿಂತಿತ್ತು. ನಾಲ್ಕು ತಿಂಗಳ ನಂತರ ಅದೇ ಕಂಠೀರವದಲ್ಲಿ ಅದೇ ಛೆಟ್ರಿ ನೀಲಿ ಅಂಗಿಯಲ್ಲಿ ಸ್ಯಾಫ್ ಕಪ್ ಎತ್ತಿದರು, ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಕುಣಿದರು. ಅಂಥ ರಾತ್ರಿಗಳು ಎರಡು ವರ್ಷಗಳಿಂದ ಇಲ್ಲ ಎಂಬುದೇ ನಮ್ಮ ಹತಾಶೆಯ ತಿರುಳು. ಮನೆಯೊಳಗಿನ ಜಗಳಕ್ಕೆ ಲೀಗು ಬೇಕು, ರಾಜಿಗೆ ದೇಶದ ತಂಡ ಬೇಕು.

ಹುಡುಗರ ಪ್ರೀತಿ ಎಲ್ಲಿಗೆ ಹರಿಯುತ್ತಿದೆ ಎಂಬುದು ರಸ್ತೆಬದಿಯಲ್ಲೇ ಕಾಣುತ್ತದೆ. ವಿಶ್ವಕಪ್ ಬಂದರೆ ಉಪ್ಪಳದಿಂದ ನೀಲೇಶ್ವರದವರೆಗೆ ಅರ್ಜೆಂಟೀನಾ, ಬ್ರೆಜಿಲ್, ಪೋರ್ಚುಗಲ್ ಫ್ಲೆಕ್ಸುಗಳೇ. ನಾನದನ್ನು ತಪ್ಪೆನ್ನುವುದಿಲ್ಲ, ಆಟದ ಚೆಂದಕ್ಕೆ ಮನಸೋಲುವುದು ಸಹಜ. ಆದರೆ 2025ರ ಡಿಸೆಂಬರಿನಲ್ಲಿ ಮೆಸ್ಸಿ ನಾಲ್ಕು ನಗರಗಳಿಗೆ ಬಂದು ಕೈಬೀಸಿ ಹೋದಾಗ, ಸಾವಿರಾರು ರೂಪಾಯಿ ತೆತ್ತವರು ಅವರನ್ನು ಸರಿಯಾಗಿ ಕಾಣಲಾಗದೆ ಕೋಲ್ಕತ್ತದ ಮೈದಾನದಲ್ಲಿ ಕುರ್ಚಿ ಕಿತ್ತೆಸೆದಾಗ, ಈ ದೇಶದ ವೃತ್ತಿಪರ ಆಟಗಾರರು ಲೀಗಿಲ್ಲದೆ ಮನೆಯಲ್ಲಿ ಕುಳಿತಿದ್ದರು. ಹಣವಿಲ್ಲ ಎಂಬ ಮಾತನ್ನು ಆ ದಿನದ ನಂತರ ನಾನು ನಂಬುವುದಿಲ್ಲ.

ಆಸೆಗೆ ಜಾಗವೇ ಇಲ್ಲವೆಂದಲ್ಲ. ಢಾಕಾದ ಸೋಲಿಗೆ ಹನ್ನೆರಡು ದಿನ ತುಂಬುವಷ್ಟರಲ್ಲಿ 17 ವರ್ಷದೊಳಗಿನ ಹುಡುಗರು ಅಹಮದಾಬಾದಿನಲ್ಲಿ ಇರಾನನ್ನು 2–1ರಿಂದ ಸೋಲಿಸಿ ತಮ್ಮ ಏಷ್ಯಾ ಕಪ್ಪಿಗೆ ಹೋದರು. ಇರಾನನ್ನು! ಆ ಸಂಜೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಮರುಕ್ಷಣ ಭಯವೂ ಆಯಿತು. ಈ ಹುಡುಗರು ಮುಂದಿನ ನಾಲ್ಕು ವರ್ಷ ಎಲ್ಲಿ ಆಡುತ್ತಾರೆ? ಹಿಂದೆ ಇಂಥ ಎಳೆಯರಿಗಾಗಿಯೇ ಐ-ಲೀಗಿನಲ್ಲಿ ಇಂಡಿಯನ್ ಆ್ಯರೋಸ್ ಎಂಬ ತಂಡವಿತ್ತು, ಗೆಲ್ಲದಿದ್ದರೂ ಪಂದ್ಯ ಸಿಗುತ್ತಿತ್ತು. 2022ರಲ್ಲಿ ಅದನ್ನು ಮುಚ್ಚಿದರು. ಹದಿನೇಳಕ್ಕೆ ಇರಾನನ್ನು ಸೋಲಿಸಿದವನು ಇಪ್ಪತ್ತೊಂದರವರೆಗೆ ಬೆಂಚಿನ ಮೇಲೆ ಕುಳಿತರೆ, ಅದೇ ವಯಸ್ಸಿನ ಇರಾನಿ ಹುಡುಗ ಅಷ್ಟರಲ್ಲಿ ಪಂದ್ಯದ ಮೇಲೆ ಪಂದ್ಯ ಆಡಿ ಮುಗಿಸಿರುತ್ತಾನೆ.

ಹೆಣ್ಣುಮಕ್ಕಳ ಸಾಧನೆಯನ್ನು ಕೊನೆಗೆ ಹೇಳುತ್ತಿದ್ದೇನೆ, ಮೊದಲೇ ಹೇಳಬೇಕಿತ್ತು. 2025ರ ಜುಲೈ 5ರಂದು ಥಾಯ್ಲೆಂಡನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ ಭಾರತದ ಮಹಿಳಾ ತಂಡ ಮೊದಲ ಬಾರಿಗೆ ಅರ್ಹತಾ ಸುತ್ತು ಗೆದ್ದು ಏಷ್ಯಾ ಕಪ್ಪಿಗೆ ಹೋಯಿತು. ಎರಡೂ ಗೋಲು ಸಂಗೀತಾ ಬಸ್ಫೋರ್ ಅವರದು. ಆ ಅರ್ಹತಾ ಸುತ್ತಿನ ತಂಡದಲ್ಲಿ ನೀಲೇಶ್ವರ ಕಡೆಯ ಪಿ. ಮಾಳವಿಕಾ ಇದ್ದರು, ನಮ್ಮದೇ ಜಿಲ್ಲೆಯ ಹುಡುಗಿ. ದೇಶದ ತಂಡದಿಂದ ಏನೂ ಸಿಗಲಿಲ್ಲ ಎಂದು ಗೊಣಗುವ ನಾವು ಆ ಜುಲೈಯಲ್ಲಿ ಎಷ್ಟು ಫ್ಲೆಕ್ಸ್ ಹಾಕಿದೆವು? ನಮ್ಮ ಪೇಟೆಯಲ್ಲಿ ನಾನು ಒಂದನ್ನೂ ಕಾಣಲಿಲ್ಲ. ಮಾಳವಿಕಾರ ಹೆಸರು ಹೇಳಿದಾಗ, ಪೋರ್ಚುಗಲ್ಲಿನ ಮೀಸಲು ಗೋಲ್‌ಕೀಪರ್ ಯಾರೆಂದು ಬಲ್ಲ ಹುಡುಗರು ಯಾರದು ಎಂದು ಕೇಳಿದರು.

ಈ ಸಲದ ಪಂದ್ಯಾವಳಿಯ ಮೊದಲ ಸಭೆಯಲ್ಲಿ ನಾನು ಎರಡು ಸೂಚನೆ ಇಟ್ಟೆ. ಉದ್ಘಾಟನೆಗೆ ಹೆಣ್ಣುಮಕ್ಕಳ ಒಂದು ಪಂದ್ಯ ಇರಬೇಕು, ಪ್ರತಿ ತಂಡದ ಮುಂಚೂಣಿಯಲ್ಲಿ ಹತ್ತೊಂಬತ್ತು ವರ್ಷದೊಳಗಿನ ಊರಿನ ಹುಡುಗನೊಬ್ಬ ಇಡೀ ಪಂದ್ಯ ಆಡಬೇಕು. ಮೊದಲನೆಯದಕ್ಕೆ ಎಲ್ಲರೂ ಒಪ್ಪಿದರು. ಎರಡನೆಯದಕ್ಕೆ ದೊಡ್ಡ ತಂಡಗಳು ಬರಲಾರವು, ಗ್ಯಾಲರಿ ತುಂಬದು ಎಂದು ಖಜಾಂಚಿ ತಲೆಯಾಡಿಸಿದರು. ಮಾತು ರಾತ್ರಿ ಹನ್ನೊಂದರವರೆಗೆ ನಡೆಯಿತು. ಫಟೋರ್ಡಾಕ್ಕೆ ಹೋಗಿ ಬಂದ ನಾಲ್ವರೂ ನನ್ನ ಬದಿಗೆ ನಿಂತರು. ಕೊನೆಗೆ ಕೈಯೆತ್ತಿಸಿದಾಗ ಒಂಬತ್ತಕ್ಕೆ ಏಳು. ನೋಟೀಸು ಅಚ್ಚಿಗೆ ಹೋಗಿದೆ.